ಮುನ್ನೂರ ತೊಂಬತ್ತೊಂಬತ್ತನೆಯದು

ಯಾವಾಗ ಮುಗಿಯುತ್ತದೆ? ಎಲ್ಲರದೂ ಇದೇ ಪ್ರಶ್ನೆ.
ಬಾರಿನ ಇವಾನೋ ಕೇಳುತ್ತಾನೆ, ಪುಟ್ಟ ಲೋಟ ಒರೆಸುತ್ತ.
ಹಲ್ಲಿನ ಡಾಕ್ಟರು ಕೇಳಿದರು, ನನ್ನ ಬಾಯೊಳಗೆ ಬೆರಳಿಟ್ಟುಕೊಂಡೇ.
ಆಫೀಸು ಮೊದಲು ಅಕ್ಟೋಬರ್ ಅಂದಿತು,
ಆಮೇಲೆ, ಮಂಜು ಇಳಿಯುವುದರೊಳಗೆ.
ಪೋ ನದಿಯ ಈ ಬಯಲಲ್ಲಿ ಮಂಜು
ಯಾರ ಕ್ಯಾಲೆಂಡರನ್ನೂ ನೋಡಿ ಇಳಿಯುವುದಿಲ್ಲ.

ನನ್ನ ಹೆಸರು ನೀವೆಸ್. ಎಂಜಿನ್ ನನಗೆ ತಿಳಿಯದು.
ಸ್ಟಿಯರಿಂಗಿಗೆ ಚರ್ಮ ಹೊಲಿಯುತ್ತೇನೆ. ಒಂದು ದಾರ, ಎರಡು ಸೂಜಿ,
ಮುನ್ನೂರ ಅರವತ್ತೆರಡು ಹೊಲಿಗೆ;
ಕೊನೆಯದು ಬಂದು ಮೊದಲನೆಯದರ ಕಣ್ಣಿಗೇ ಸೇರಬೇಕು.
ಒಂದು ಸಡಿಲವಾದರೂ ಅಂಗೈಗೆ ಗೊತ್ತಾಗುತ್ತದೆ,
ಕಣ್ಣಿಗೆ ಆಮೇಲೆ.

ಅಮ್ಮ ಕಾರ್ಪಿಯಲ್ಲಿ ಸ್ವೆಟರ್ ಹೆಣೆಯುತ್ತಿದ್ದಳು, ತುಂಡಿಗಿಷ್ಟು ಎಂದು.
ಅಡುಗೆಮನೆಯಲ್ಲೇ ಯಂತ್ರ, ಅದರ ಖಟಖಟದಲ್ಲೇ ನನ್ನ ನಿದ್ದೆ.
ಶುಕ್ರವಾರ ಲಾರಿ ಬಂದು ಒಯ್ಯುತ್ತಿತ್ತು.
ಕೊನೆಯ ಸ್ವೆಟರ್ ಯಾವಾಗ ಎಂದು ಅವಳನ್ನು ಯಾರೂ ಕೇಳಲಿಲ್ಲ.
ಒಂದು ಶುಕ್ರವಾರ ಲಾರಿ ಬರಲಿಲ್ಲ, ಅಷ್ಟೆ.
ಎಂಟು ಹಸಿರು ತೋಳುಗಳು ಕಪಾಟಿನಲ್ಲಿ ಉಳಿದವು
ಮೈ ಇಲ್ಲದೆ.

ನಮ್ಮದು ಹಾಗಲ್ಲ.
ಮೊದಲ ಕಾರಿನ ಮೊದಲ ಬೋಲ್ಟು ತಿರುಗುವ ಮುನ್ನವೇ
ಸಂಖ್ಯೆ ಹೇಳಿಬಿಟ್ಟಿದ್ದರು. ಮೇಲೊಂದಿಲ್ಲ,
ಕೊಸರು ಕೊಡದ ಅಂಗಡಿ ಇದು.
ಕೊನೆ ಇದೆ ಎಂಬುದಕ್ಕೇ ಬೆಲೆ. ಉಳಿದದ್ದು,
ತಗಡು, ತೊಗಲು, ಬೆಂಕಿ, ನಾನು,
ಅದರ ಜೊತೆಗೆ ಬರುತ್ತದೆ.

ಕಟ್ಟಕಡೆಯದನ್ನು ಕೊಂಡವನ ಮುಖ ಕಂಡವರಿಲ್ಲ.
ದಾರ ಒಣಹುಲ್ಲಿನ ಬಣ್ಣದ್ದಿರಲಿ ಅಂದ. ಹೊಲಿದೆ.
ಬೇಡ, ತುಕ್ಕಿನ ಬಣ್ಣ ಅಂದ.
ತೂತು ಬಿದ್ದ ಚರ್ಮ ಎರಡನೆಯ ಸೂಜಿಗೆ ಆಗದು,
ಹೊಸ ತೊಗಲೇ ಬರಬೇಕು, ಬರಲು ಹನ್ನೆರಡು ದಿನ.
ಮೂರು ಸಲ ಮನಸ್ಸು ಬದಲಿಸಿದ, ಮತ್ತೆ ಹುಲ್ಲಿಗೇ ಬಂದ.
ಎಂಜಿನ್ ಕಟ್ಟುವ ಲೆಯಾರ್ಕೊ, ಜನ್ಮದಲ್ಲಿ ಇಗರ್ಜಿಯ ಮೆಟ್ಟಿಲು ತುಳಿಯದವನು,
ಹೋಗಿ ಮೇಣದಬತ್ತಿ ಹಚ್ಚಿದನಂತೆ:
ಆ ಮಹಾರಾಯನ ಬುದ್ಧಿ ಚಳಿಗಾಲ ಕಳೆಯುವವರೆಗೆ
ಹೀಗೇ ಹೊಯ್ದಾಡಲಿ, ದೇವರೇ.

ಒಂದು ಗುಟ್ಟು. ಸೀಟಿನ ಚರ್ಮದ ಒಳಮೈಗೆ, ಹೊಲಿಯುವ ಮೊದಲು,
ಪೆನ್ಸಿಲಿನಲ್ಲಿ ಏನಾದರೊಂದು ಬರೆಯುತ್ತೇನೆ.
'ಹಲ್ಲುನೋವು.' 'ಡೀನೋಗೆ ಹೆಣ್ಣು ಕೂಸು.' 'ಕಾಲುವೆಯಲ್ಲಿ ಕೊಕ್ಕರೆ.'
ಎಲ್ಲೆಲ್ಲಿಯೋ ಸಾಹುಕಾರರು ನನ್ನ ದಿನಚರಿಯ ಮೇಲೆ ಕೂತು
ಗಂಟೆಗೆ ಮುನ್ನೂರು ಕಿಲೋಮೀಟರು ಹಾರುತ್ತಿದ್ದಾರೆ.
ಕೊನೆಯದಕ್ಕೆ ಏನು ಬರೆಯಲಿ?
ಘನವಾದದ್ದು ಒಂದೂ ಹೊಳೆಯಲಿಲ್ಲ.
'ಹಾಲು, ಈರುಳ್ಳಿ, ಅಮ್ಮನ ಮಾತ್ರೆ' ಎಂದು ಬರೆದೆ.

ಪರೀಕ್ಷೆಯ ಅರವತ್ತು ಕಿಲೋಮೀಟರು, ಅದೇ ಆ ಕಾರಿನ ಪೂರ್ತಿ ಆಯುಸ್ಸು.
ಆಮೇಲೆ ಬೆಚ್ಚಗೂ ಅಲ್ಲದ, ತಣ್ಣಗೂ ಅಲ್ಲದ ಯಾವುದೋ ಕೋಣೆಯಲ್ಲಿ
ಮುಸುಕೆಳೆದುಕೊಂಡು ಬೆಲೆ ಏರಿಸಿಕೊಳ್ಳುತ್ತ ಮಲಗುತ್ತದೆ.
ಓಡಿಸುವ ಓರೆಸ್ಟೆ ಗೇಟಿನಾಚೆ ನಿಲ್ಲಿಸಿ ಬಾಗಿಲು ತೆರೆದ:
ಹತ್ತು, ಯಾರೂ ನೋಡುತ್ತಿಲ್ಲ.
ಹತ್ತೊಂಬತ್ತು ವರ್ಷದಲ್ಲಿ ನಾನು ಕೂತದ್ದು ಇದೊಂದೇ.
ಪೇರುಹಣ್ಣಿನ ತೋಟ, ಚೀಸಿನ ಗೋದಾಮು, ಕಾಲುವೆ,
ಯಾವುದೂ ನಿಂತು ಮಾತಾಡಿಸಲಿಲ್ಲ.
ಜನ ಹೇಳುವ ಆ ಸದ್ದು ನನಗೆ ಕೇಳಿಸಲೇ ಇಲ್ಲ.
ನಾನು ನೋಡುತ್ತಿದ್ದದ್ದು ಅವನ ಕೈ,
ತಿರುವಿನಲ್ಲಿ ಹೆಬ್ಬೆರಳು
ನೂರ ನಲವತ್ತನೆಯ ಹೊಲಿಗೆಯ ಮೇಲೆ ಬಂದು ಕೂರುವುದನ್ನು.

ಶುಕ್ರವಾರ ಅದನ್ನು ಒಯ್ಯುವ ಲಾರಿ
ನಮ್ಮ ಮನೆ ಮುಂದೆಯೇ ಹಾದುಹೋಯಿತು. ಮಂಜಿತ್ತು, ದೀಪ ಮಾತ್ರ ಕಂಡಿತು.
ಕಿಟಕಿಯ ಬಳಿ ಕೂತಿದ್ದ ಅಮ್ಮ, ದಿನಗಳ ಲೆಕ್ಕ ಬಿಟ್ಟು ಎರಡು ವರ್ಷವಾದವಳು,
ತಟ್ಟನೆ ಮಡಿಲು ಕೊಡವಿ ಎದ್ದು ಕೇಳಿದಳು,
ಲಾರಿ ಬಂತೇನೇ?

ಬಂತಮ್ಮ ಅಂದೆ.
ಕಪಾಟಿನ ಕಡೆ ನಡೆದಳು.