ಹೆದೆ ಇಳಿಸಿದ ಮೇಲೆ

ಆಸ್ಪತ್ರೆಯ ಹುಡುಗಿ ಎಂಖ್‌ಜಿನ್ ಚಿತ್ರದ ಚೀಟಿ ಎತ್ತಿ ಹಿಡಿಯುತ್ತಾಳೆ:
ಬಟ್ಟಲು.
ಅಪ್ಪ ತುಂಬ ಹೊತ್ತು ನೋಡುತ್ತಾನೆ. ಬಲಕ್ಕೆ ಜೋತ ತುಟಿ
ಒರೆಸಿಕೊಂಡು ಹೇಳುತ್ತಾನೆ: "ಅಂಟು."
ಅವಳು ಪುಸ್ತಕದಲ್ಲಿ ಒಂದು ಗೀಟು ಎಳೆಯುತ್ತಾಳೆ. ತಪ್ಪು.

ಅವಳಿಗೇನು ಗೊತ್ತು.
ನಮ್ಮ ಡೇರೆಯಲ್ಲಿ ಬಟ್ಟಲೆಂದರೆ ಮೊದಲು ಅಂಟೇ.
ಮೀನಿನ ಗಾಳಿಚೀಲ ಇರುಳಿಡೀ ಕುದಿದು
ಅಮ್ಮನ ಚಹದ ಬಟ್ಟಲುಗಳಲ್ಲಿ ತಣಿಯುತ್ತಿತ್ತು;
ಅಮ್ಮ ಗೊಣಗುತ್ತಲೇ ಉಪ್ಪುಚಹ ಕುಡಿದಳು
ಸಕ್ಕರೆ ಡಬ್ಬಿಯ ಮುಚ್ಚಳದಲ್ಲಿ, ಮೂವತ್ತೆಂಟು ಚಳಿಗಾಲ.

ಬಾಗಿಲು. "ಕಚ್ಚು."
ಬಾಣದ ಬುಡದಲ್ಲಿ ಹೆದೆ ಬಂದು ಕೂರುವ ಸೀಳು.
ಹೋತ. "ಕೊಂಬು." ಇದಕ್ಕೆ ಅರ್ಧ ಅಂಕ.
ಹಕ್ಕಿ. "ಮೂರು."
ಮೂರು ಗರಿ ಅಂತ, ನಾನು ಬಾಯಿ ಹಾಕಿದೆ,
ಒಂದು ಹೆಚ್ಚಾದರೂ ಬಾಣ ಸೋಮಾರಿಯಾಗುತ್ತದೆ...
"ನೀವು ಹೇಳಿಕೊಡಬೇಡಿ ಅಕ್ಕ" ಅಂದಳು.
ಎದೆ ನೋಯುತ್ತಾ ಎಂದು ಡಾಕ್ಟರು ಕೇಳಿದಾಗ
ಹೆದೆ ಪರೀಕ್ಷಿಸುವವನಂತೆ ಎಡಗೈಯಿಂದ ಗಾಳಿ ಮೀಟಿದ.

ಆಮೇಲೆ ಕೇಳಿದಳು, ಹೊಸಬರನ್ನೆಲ್ಲ ಕೇಳುವಂತೆ,
ನಿಮ್ಮದು ಯಾವ ಸುಮ್, ಅಜ್ಜ?
ನಮ್ಮಲ್ಲಿ ತಾಲ್ಲೂಕಿಗೂ ಸುಮ್, ಬಾಣಕ್ಕೂ ಸುಮ್,
ಬಂದೂಕಿನ ಗುಂಡಿಗೂ ಅದೇ. ಒಂದೇ ಮಾತಿನೊಳಗೆ
ಹುಟ್ಟಬಹುದು, ಗೆಲ್ಲಬಹುದು, ಸಾಯಬಹುದು.
ಅಪ್ಪ ಮೊದಲ ಸಲ ತಡವರಿಸದೆ ಅಂದ:
"ಭೂರ್ಜದ ಕೋಲು. ಎರಡು ಬೇಸಿಗೆ ಒಣಗಿದ್ದು.
ಮೊಂಡು ಮೊನೆ, ಎಲುಬಿನದು. ನೇರ."
ಅಂದು ಸುಮ್ಮನಾದ.
ಎಂಖ್‌ಜಿನ್ ಬರೆದುಕೊಂಡಳು: ವಿಳಾಸ ತಿಳಿಯದು.

ಮನೆಗೆ ಕರೆತಂದೆವು, ಖೋವ್ದ್‌ನಿಂದ ಆರು ಗಂಟೆ, ಜೀಪಿನಲ್ಲಿ.
ಅವನಲ್ಲಿ ಉಳಿದ ಕ್ರಿಯಾಪದ ನಾಲ್ಕು:
ಹೂಡು, ಎಳೆ, ತಾಳು, ಬಿಡು.
ಚಮಚ ಬಾಯಿಗೆ ತರಬೇಕಾದರೆ ಹೂಡು.
ಕಂಬಳಿಗೆ ಎಳೆ.
ಅವಸರದಲ್ಲಿ ನಾನು ಅಂಗಿಯ ಗುಂಡಿ ಹಾಕಿದರೆ ತಾಳು.
ಬಿಡು ಅನ್ನುವುದು ಉಳಿದೆಲ್ಲಕ್ಕೆ:
ರೇಡಿಯೋಕ್ಕೆ, ಮಾತ್ರೆಗೆ,
ನೆರೆಯ ಗೋಂಬೋಸುರೆನ್ ಹೊತ್ತು ತಂದ ಮರುಕಕ್ಕೆ.

ನನ್ನ ಮಗಳು ಖುಲಾನ್‌ಗೆ ಇದು ಆಟ.
ಆಸ್ಪತ್ರೆಯ ಚೀಟಿಗಳನ್ನು ಕದ್ದು ತಂದಿದ್ದಾಳೆ. ಒಂದೊಂದೇ ತೋರಿಸುತ್ತಾಳೆ;
ಅಜ್ಜ ಏನಂದರೂ ಎರಡೂ ತೋಳೆತ್ತಿ
"ಉಊಖಾಯ್!" ಎಂದು ರಾಗ ಎಳೆಯುತ್ತಾಳೆ,
ನಾದಮ್ ಬಯಲಲ್ಲಿ ಗುರಿಯ ಪಕ್ಕ ನಿಂತವರು ಕೂಗುವ ಹಾಗೆ.
ಚಂದ್ರ: "ಹೆಬ್ಬೆರಳುಂಗುರ." ಉಊಖಾಯ್!
ಮೀನು: "ಕುದೀಲಿ." ಉಊಖಾಯ್!
ಒಂದು ಬಾಣವೂ ತಪ್ಪಿಲ್ಲ ಈ ವಾರ.

ಅಮ್ಮನ ಫೋಟೋ ಚೀಟಿಗಳ ನಡುವೆ ಸೇರಿಸಿದ್ದು
ಖುಲಾನೋ, ನಾನೋ.
"ಹಿಡಿ" ಅಂದ.
ಇಡೀ ಬಿಲ್ಲಿನಲ್ಲಿ ಬಾಗದ ಜಾಗ ಅದೊಂದೇ.
ಖುಲಾನ್ ಕೂಗಲಿಲ್ಲ.

ನನಗಿನ್ನೂ ಹೆಸರು ಸಿಕ್ಕಿಲ್ಲ.
ಹೆದೆ ಇಳಿಸಿದ ಬಿಲ್ಲು ಹಿಂದಕ್ಕೆ ಮುದುಡುತ್ತದೆ,
ಬಾಗಿದ್ದನ್ನೆಲ್ಲ ತಿರುವುಮುರುವು ಮಾಡಿಕೊಂಡು.
ಅದರ ಮೇಲೆ ಬಲ ತೋರಿಸಬಾರದು;
ಒಲೆಯ ಬಳಿ ಕಾಯಿಸಿ, ಮೊಣಕಾಲ ಮೇಲಿಟ್ಟು, ಮಾತಾಡಿಸುತ್ತ...
ಹೀಗೆ ಹೇಳಿಕೊಟ್ಟವನು ಅವನೇ. ಹಾಗಾಗಿ
ಸಂಜೆ ಒಣಸಗಣಿಯ ಬೆಂಕಿಗೆ ಅವನ ಬಲಗೈ ಹಿಡಿದು ತಿಕ್ಕುತ್ತೇನೆ.
ಉಂಗುರ ಕೂತಿದ್ದ ತಗ್ಗು ಹೆಬ್ಬೆರಳಲ್ಲಿ ಇನ್ನೂ ಇದೆ.
ಅವನು ನನ್ನ ಮುಖ ನೋಡುತ್ತಾನೆ. ಒಳಗೆಲ್ಲೋ ಏನನ್ನೋ
ಕಿವಿಯವರೆಗೆ ಎಳೆದು ಹಿಡಿದಿದ್ದಾನೆ; ಕತ್ತಿನ ನರ ಉಬ್ಬುತ್ತದೆ.
ನಾನು ಎಪ್ಪತ್ತೈದು ಮೀಟರ್ ಆಚೆ, ಗುರಿಯ ಪಕ್ಕ,
ತೋಳು ಅರ್ಧ ಎತ್ತಿ.

"ಬಿಡು" ಅನ್ನುತ್ತಾನೆ ಕೊನೆಗೆ.
ನನಗೋ, ತನಗೋ.