ಅರವತ್ತಕ್ಕೆ ಐವತ್ತು

ದಮ್ಮಾಮಿನಿಂದ ಮನಾಮಕ್ಕೆ ಸಾಮಾನು ತಂದದ್ದು
ಬೊನವೆಂಚರನ ಕಂಪನಿಯ ಪಿಕಪ್ಪಿನಲ್ಲಿ.
ಸೇತುವೆಯ ನಡುವೆ ಕಸ್ಟಮ್ಸಿನವ
ರಟ್ಟಿನ ಪೆಟ್ಟಿಗೆ ಬಿಚ್ಚಿ, ಗ್ರೈಂಡರಿನ ಕಲ್ಲನ್ನು
ಎರಡೂ ಕೈಯಲ್ಲಿ ಎತ್ತಿ
ಇದೇನೆಂದು ಕೇಳಿದ.
ಊಟ ಎಂದೆ. ನನಗೆ ಬರುವ
ಹತ್ತು ಹದಿನೈದು ಅರಬಿ ಮಾತಿನಲ್ಲಿ ಅದೂ ಒಂದು.
ನಕ್ಕ. ಮುಚ್ಚು ಎಂದ.

ಹೊಸ ಆಸ್ಪತ್ರೆ. ಮೂರನೇ ಮಾಳಿಗೆಯಲ್ಲಿ ಒಂದೂವರೆ ಕೋಣೆ.
ಗೋಡೆಯ ತುಂಬ ಚೌಕ ಕಿಂಡಿಗಳು.
ನನ್ನಲ್ಲಿದ್ದದ್ದು ಊರಿನ ದುಂಡು ಕಾಲಿನವು,
ದಮ್ಮಾಮಿನ ಚಪ್ಪಟೆ ಕಾಲಿನವು.
ಮೇಲಿನ ಕಿಂಡಿಗೆ ಪೆನ್ನಿನ ತುದಿ ಒತ್ತಿ ಹಿಡಿದರೆ
ಕೆಳಗಿನ ಎರಡು ಕಣ್ಣು ತೆರೆಯುತ್ತವೆ,
ದುಂಡಗಿನದನ್ನೂ ತುರುಕಬಹುದು.
ಮೊದಲ ವಾರ ನಾನೂ ಹಾಗೇ ಮಾಡಿದೆ,
ದಿನವಿಡೀ ಸುಟ್ಟ ಕೈಗಳಿಗೆ ಪಟ್ಟಿ ಕಟ್ಟುವವಳು.
ಪಕ್ಕದ ಮನೆಯ ಹುಡುಗ ಬಾಗಿಲಲ್ಲಿ ನಿಂತು
ನೋಡಿ ಕಲಿಯುತ್ತಿದ್ದ. ನಿಲ್ಲಿಸಿದೆ.

ರಫಾಖತನ ಅಂಗಡಿ ಸೂಕಿನ ಹಿಂದಿನ ಓಣಿಯಲ್ಲಿ.
ಒಂದೊಂದೇ ತಲೆ ಕತ್ತರಿಸಿ, ವೈರು ಸುಲಿದು ಹೇಳಿದ:
ನಿಮ್ಮ ಊರಿನ ಕೆಂಪು ಇಲ್ಲಿ ಕಂದು,
ಕಪ್ಪು ಇಲ್ಲಿ ನೀಲಿ,
ಹಸಿರು ಮಾತ್ರ ಎಲ್ಲಿ ಹೋದರೂ ಮಣ್ಣಿಗೆ.
ಇಸ್ತ್ರಿಪೆಟ್ಟಿಗೆ ಒಪ್ಪಿತು. ಮಿಕ್ಸಿ ಒಪ್ಪಿತು.
ಮಂಚದ ಬದಿಯ ನೂರಹತ್ತರ ಗಡಿಯಾರಕ್ಕೆ
ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಕೊಟ್ಟ.
ವೋಲ್ಟು ಇಳಿಸುತ್ತದೆ ಬಾಜಿ, ಲೆಕ್ಕ ಬದಲಿಸುವುದಿಲ್ಲ.
ಅಲ್ಲಿಯ ಕರೆಂಟು ಸೆಕೆಂಡಿಗೆ ಅರವತ್ತು ಸಲ ಹೋಗಿ ಬರುತ್ತದೆ,
ಇಲ್ಲಿಯದು ಐವತ್ತು.
ಅದಕ್ಕೆ ಬೇಕಾದ ಪೆಟ್ಟಿಗೆ ನನ್ನ ಅಂಗಡಿಯಲ್ಲಿಲ್ಲ.

ಗ್ರೈಂಡರಿಗೆ ಈ ಲೆಕ್ಕ ಮೊದಲೇ ಗೊತ್ತಿತ್ತು.
ದಮ್ಮಾಮಿನಲ್ಲಿ ಅದು ಯಾರೋ ಅಟ್ಟಿಸಿಕೊಂಡು ಬಂದಂತೆ ತಿರುಗುತ್ತಿತ್ತು.
ಉದ್ದು ಬೆಚ್ಚಗಾಗುತ್ತಿತ್ತು, ಸಾನ್ನದ ಹಿಟ್ಟು ಬೇಗ ಹುಳಿಯುತ್ತಿತ್ತು,
ಐಸು ಹಾಕಿ ಹಾಕಿ ಅರೆದೆ ಏಳು ವರ್ಷ.
ಇಲ್ಲಿ ಸ್ವಿಚ್ಚು ಒತ್ತಿದೆ.
ಕಲ್ಲು ಸಾವಕಾಶ, ಕಿನ್ನಿಗೋಳಿಯಲ್ಲಿ
ಅತ್ತೆಯ ಕಣ್ಣೆದುರು ತಿರುಗುತ್ತಿದ್ದ ಹಾಗೆ ತಿರುಗಿತು.
ಐಸಿನ ಬಟ್ಟಲು ಹಿಡಿದುಕೊಂಡೇ ನಿಂತಿದ್ದೆ.

ಗಡಿಯಾರ ಹಿಂದೆ ಬಿತ್ತು.
ಗಂಟೆಗೆ ಹತ್ತು ನಿಮಿಷ, ದಿನಕ್ಕೆ ನಾಲ್ಕು ಗಂಟೆ.
ಎಸೆದುಬಿಡು ಎಂದ ಬೊನವೆಂಚರ್ ಫೋನಿನಲ್ಲಿ.
ಅವನ ಕರಾರು ಇನ್ನೂ ಎರಡು ವರ್ಷ ಆ ದಡದ್ದು.
ಗುರುವಾರ ರಾತ್ರಿ ಒಂಬತ್ತಕ್ಕೆ ಬರುತ್ತಾನೆ,
ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹೊರಡುತ್ತಾನೆ.
ಹೊರಡುವ ಮುಂಚೆ, ಎಸೆ ಎಂದವನೇ,
ಅದರ ಗುಂಡಿ ಒತ್ತಿ ಹೊತ್ತು ಸರಿ ಮಾಡುತ್ತಾನೆ.

ಆಮೇಲೆ ಅದು ಅದರ ಪಾಡಿಗೆ.
ಸೋಮವಾರ ಮಧ್ಯಾಹ್ನ ಮೂರಕ್ಕೆ ಅದರಲ್ಲಿ
ಬೆಳಗಿನ ಜಾವ ನಾಲ್ಕು.
ನೈಟ್ ಡ್ಯೂಟಿ ಮುಗಿಸಿ ಮಲಗಿದವಳಿಗೆ
ಅದೇ ಹೆಚ್ಚು ನಿಜ ಅನಿಸುತ್ತದೆ.

ಒಂದು ಗುರುವಾರ ಲಿಫ್ಟಿನ ಸದ್ದಿಗೆ ಎದ್ದು ನೋಡಿದರೆ
ಮೊಬೈಲಿನಲ್ಲಿ ಒಂಬತ್ತು.
ಗಡಿಯಾರದಲ್ಲೂ ಒಂಬತ್ತು.
ನಾನು ಮುಟ್ಟಿರಲಿಲ್ಲ.
ಔಷಧಿ ಚೀಟಿಯ ಬೆನ್ನಲ್ಲಿ ಲೆಕ್ಕ ಹಾಕಿದೆ:
ನೂರ ನಲವತ್ತನಾಲ್ಕು ಗಂಟೆ ಕಳೆದಿದೆ,
ಅದು ಎಣಿಸಿದ್ದು ನೂರ ಇಪ್ಪತ್ತು.
ನಾನು ಆರು ದಿನ ಕಾದಿದ್ದೆ.
ಅದು ಐದೇ ದಿನ ಕಾದು
ನನ್ನ ಜತೆಗೇ ಬಾಗಿಲಿಗೆ ಬಂದಿತ್ತು.

ಕಳೆದ ವಾರ ಸೇತುವೆಯ ಮೇಲೆ ಸಾಲು.
ಬರುವಾಗ ಹತ್ತೂವರೆ.
ತಡವಾಯ್ತು, ಎಂದ, ಬೂಟು ಬಿಚ್ಚುತ್ತ.
ಸಾನ್ನದ ತಟ್ಟೆ ಇಳಿಸುತ್ತ ಒಳಗೆ ಇಣುಕಿದೆ.
ಹತ್ತೂಕಾಲು ಅಷ್ಟೆ, ಎಂದೆ,
ಕೈ ತೊಳೆದುಕೊಂಡು ಬಾ.