ಒರೆಸಿದರೂ ಹೋಗದ್ದು

ನಾಲ್ಕು ರಾತ್ರಿ ನನಗಾಗಿ
ಪಕ್ಕದ ಮನೆಯ ನೊರೀನ್ ವರಾಂಡದ ದೀಪ ಹಚ್ಚಲಿಲ್ಲ.
ಕೂನಬರಾಬ್ರನ್ನಿನ ಜುಲೈ. ಹುಲ್ಲೆಲ್ಲ ಬಿಳಿ, ಗರಿಗರಿ.
ದೂರದರ್ಶಕ ಮಾತ್ರ ಎವೆ ಮುಚ್ಚದೆ
ದಕ್ಷಿಣ ಕಿರೀಟದ ಕಡೆಗೆ.

ಐದೈದು ನಿಮಿಷದ ನೂರ ಹದಿನೇಳು ಚಿತ್ರ.
ಒಂದರಲ್ಲೂ ಏನಿಲ್ಲ.
ಹನ್ನೊಂದನ್ನು ಮೋಡ ತಿಂದಿತ್ತು,
ಒಂದನ್ನು ಉಪಗ್ರಹ ಗೀರಿ ಹೋಗಿತ್ತು.
ಉಳಿದವನ್ನು ಒಂದರ ಮೇಲೊಂದು ಪೇರಿಸಿದೆ.
ಮುಚ್ಚಳ ಹಾಕಿ ತೆಗೆದ ಕತ್ತಲನ್ನು
ಆಕಾಶದ ಕತ್ತಲಿನಿಂದ ಕಳೆದೆ.
ಕತ್ತಲಲ್ಲಿ ಕತ್ತಲು ಕಳೆದರೆ ಸೊನ್ನೆಯಲ್ಲ,
ಒಂದು ಚಿಟಿಕೆ ಉಳಿಯುತ್ತದೆ.

ಆ ಚಿಟಿಕೆಯನ್ನೇ ಹಿಗ್ಗಿಸುತ್ತ ಕೂತೆ.
ಮೊದಲು ಬರೀ ಗುಲ್ಲು. ಆಮೇಲೆ
ಆರಿದ ಹಾಲಿನ ಮೇಲೆ ಕೆನೆ ಸುಕ್ಕಾದ ಹಾಗೆ
ಏನೋ ಕಂದು, ಅದರಂಚಿಗೆ ನೀಲಿ.
ಇನ್ನೊಂದು ಕೂದಲೆಳೆ ಎಳೆದರೆ
ನೋಡಿದವರೆಲ್ಲ ಬೆರಗಾಗುವ ಜ್ವಾಲೆ.
ಅದು ಅಲ್ಲಿರುವುದಲ್ಲ, ನನ್ನ ಬೆರಳಲ್ಲಿರುವುದು.
ಕೈ ತೆಗೆದೆ.

ಬೆಳಿಗ್ಗೆ ನೊರೀನಳನ್ನು ಕರೆದು ಕೂರಿಸಿದೆ.
ಎಲ್ಲಿ, ಎಂದಳು.
ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ, ಎಲ್ಲಿ?
ಇಗೋ, ಇಲ್ಲಿ. ಧೂಳು, ಎಂದೆ.

ಅಯ್ಯೋ ಎಂದು ಸ್ವೆಟರಿನ ತೋಳಿನಿಂದ
ತೆರೆಯನ್ನು ಒರೆಸಿದಳು.
ಎರಡು ಸಲ.
ಆಮೇಲೆ ತೋಳು ತಿರುಗಿಸಿ ನೋಡಿಕೊಂಡಳು.
ಏನೂ ಅಂಟಿರಲಿಲ್ಲ.